ಐನೂರು ವ್ಯಾಟಿನ ಊರು

ಜುಂಗ್‌ಫಾನಿಗೆ ಊರು ನೋಡಬೇಕಾಗಿತ್ತು. ಅವನಿದ್ದ ತೈಪೆಯಿಂದ ಊರಿದ್ದ ಪೆಂಗ್‌ಹು ದ್ವೀಪಕ್ಕೆ ವಿಮಾನದಲ್ಲಿ ಐವತ್ತೇ ನಿಮಿಷ. ಆದರೆ ಈ ಮಹಾನುಭಾವನಿಗೆ ವಿಮಾನ ಹತ್ತಿದರೆ ವಾಂತಿ, ಹಡಗು ಹತ್ತಿದರೆ ಇನ್ನೂ ಹೆಚ್ಚು ವಾಂತಿ. (ಹುಟ್ಟಿದ್ದು ಮೀನುಗಾರರ ವಂಶದಲ್ಲಿ. ಅಜ್ಜನ ಆತ್ಮಕ್ಕೆ ಯಾರೂ ಈ ವಿಷಯ ತಿಳಿಸಿಲ್ಲ.) ಹಾಗಾಗಿ ಹತ್ತೊಂಬತ್ತು ವರ್ಷಗಳಿಂದ ಊರ ಕಡೆ ತಲೆ ಹಾಕಿರಲಿಲ್ಲ. ಅಜ್ಜ ಸಮುದ್ರದೊಳಗೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದ ಮೀನುಗೋಡೆ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಭರತದಲ್ಲಿ ಒಳಗೆ ಬಂದ ಮೀನು ಇಳಿತದಲ್ಲಿ ಹೊರಗೆ ಹೋಗಲಾಗದೆ ಅದರೊಳಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಆ ಗೋಡೆಯನ್ನು ಒಮ್ಮೆ ನೋಡಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು.

ಅದಕ್ಕೊಂದು ಉಪಾಯ ಹೊಳೆಯಿತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿದೆ; ಇಡೀ ಭೂಮಂಡಲವೇ ಅದರೊಳಗಿದೆ. ಕುರ್ಚಿ ಅಲುಗಾಡುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ. ಹೆಂಡತಿ ಬಿಯುನ್‌ಳ ಲ್ಯಾಪ್‌ಟಾಪಿನಲ್ಲಿ ಆಡಿ ನೋಡಿದ. ಪೆಂಗ್‌ಹು ಗಂಜಿಯಲ್ಲಿ ಬಿದ್ದ ಕೊತ್ತಂಬರಿ ಸೊಪ್ಪಿನಂತೆ ಕಂಡಿತು.

"ದೊಡ್ಡ ಡೆಸ್ಕ್‌ಟಾಪೇ ಬೇಕು" ಎಂದು ಘೋಷಿಸಿದ. ಆರು ತಿಂಗಳು ಪುಸ್ತಕದಲ್ಲಿ ಗೀಟು ಹಾಕಿ ಹೋಲಿಸಿದ: ಪ್ರೊಸೆಸರಿನ ವೇಗ, ಗ್ರಾಫಿಕ್ಸ್ ಕಾರ್ಡಿನ ತಾಕತ್ತು, ವಿದ್ಯುತ್ತಿನ ಹಸಿವು.

"ನೋಡು, ಎರಡಕ್ಕೂ ಪ್ರೊಸೆಸರಿನ ಹೆಸರು ಒಂದೇ. ಆದ್ರೆ ಲ್ಯಾಪ್‌ಟಾಪಿಂದು ಸ್ವಲ್ಪ ಹೊತ್ತು ಓಡಿ, ಬಿಸಿಯಾಗಿ ಏದುಸಿರು ಬಿಡುತ್ತೆ."

"ನೀವು ನಾಲ್ಕನೇ ಮಹಡಿ ಹತ್ತೋ ಹಾಗೆ" ಎಂದಳು ಬಿಯುನ್. "ಕರೆಂಟ್ ಎಷ್ಟು ತಿನ್ನುತ್ತೆ ಅದನ್ನ ಹೇಳಿ."

"ಲ್ಯಾಪ್‌ಟಾಪು ಅರವತ್ತು ವ್ಯಾಟು. ಇದು..." ಜುಂಗ್‌ಫಾ ದನಿ ತಗ್ಗಿಸಿದ. "ಒಂದು ಐನೂರು."

"ಊರಿಗೆ ಹೋಗಿ ಬನ್ನಿ ಅಂದ್ರೆ ಊರನ್ನೇ ಮನೆಗೆ ತರಿಸ್ತೀರಲ್ಲ, ನಿಮ್ಮಂಥೋರು ಇನ್ನೊಬ್ರಿಲ್ಲ."

ಆದರೂ ಡೆಸ್ಕ್‌ಟಾಪು ಬಂತು. ಅಕ್ಕಿ ಡಬ್ಬದಷ್ಟು ದೊಡ್ಡದು, ನೆತ್ತಿಯ ಮೇಲೆ ಜರಡಿಯಂತೆ ತೂತು. ಜುಂಗ್‌ಫಾ ವಿಧಿಪೂರ್ವಕವಾಗಿ ಅದರ ನೆತ್ತಿಗೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದನ್ನು ಇಟ್ಟ. ಅವನು ಮೂವತ್ತು ವರ್ಷ ದುಡಿದ ಕಚೇರಿಯಲ್ಲಿ ಇಂಥ ಪೊಟ್ಟಣವಿಲ್ಲದ ಯಂತ್ರವೇ ಇರಲಿಲ್ಲ. ಅದಿದ್ದರೆ ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು.

ವಿಮಾನ ಹೊರಟಿತು. ಮೋಡದ ಒಂದೊಂದು ಎಳೆಯೂ ಕಾಣುತ್ತಿತ್ತು. ನಲವತ್ತನೇ ನಿಮಿಷಕ್ಕೆ ದೂರದಲ್ಲಿ ಕಪ್ಪು ಬಂಡೆಗಳು ಕಂಡವು. ಜುಂಗ್‌ಫಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಅಷ್ಟರಲ್ಲಿ ಡೆಸ್ಕ್‌ಟಾಪು ಟಪ್ಪೆಂದು ಆರಿಹೋಯಿತು.

"ಪೊಟ್ಟಣ ಚಿಕ್ಕದಾಯ್ತು" ಎಂದು ಅವನು ತೀರ್ಮಾನಿಸಿದ. (ಆರು ತಿಂಗಳ ಅಧ್ಯಯನದ ಫಲ.) ಮಾರನೆಯ ದಿನ ಮೂರು ದೊಡ್ಡ ಪೊಟ್ಟಣ ತಂದು ನೆತ್ತಿಯ ತುಂಬ ಒತ್ತೊತ್ತಾಗಿ ಜೋಡಿಸಿದ. ಈ ಸಲ ಇಪ್ಪತ್ತೇ ನಿಮಿಷಕ್ಕೆ ಆರಿತು. ಐದು ಇಟ್ಟ. ಓಡುದಾರಿ ಬಿಟ್ಟು ಮೇಲೇಳುವಷ್ಟರಲ್ಲೇ ಕತ್ತಲೆ.

ಜುಂಗ್‌ಫಾ ಮೇಜಿನ ಮೇಲೆ ತಲೆಯಿಟ್ಟ. "ನಾನು ಬರೋದು ನಮ್ಮೂರಿಗೇ ಬೇಡವಾಗಿದೆ ಕಣೇ."

ಆ ದನಿ ಕೇಳಿ ಬಿಯುನ್ ಅಡುಗೆಮನೆಯಿಂದ ಬಂದಳು. ಒಂದು ಪೊಟ್ಟಣ ಎತ್ತಿ, ಕೈ ಸುಟ್ಟುಕೊಂಡು, ಕೆಳಗೆ ಹಾಕಿದಳು. "ಏನ್ರೀ ಇದು, ಈಗಷ್ಟೇ ಬಾಣಲೆಯಿಂದ ತೆಗೆದ ಹಾಗಿದೆ? ಬಿಸಿಗಾಳಿ ಹೋಗೋ ತೂತನ್ನೆಲ್ಲ ಮುಚ್ಚಿದ್ದೀರಲ್ಲ. ಮೂಗು ಮುಚ್ಚಿ, ಓಡು ಅಂದ್ರೆ ಯಾರು ಓಡ್ತಾರೆ?"

ಪೊಟ್ಟಣಗಳೆಲ್ಲ ಕೆಳಗಿಳಿದವು. ಬಿಯುನ್ ಒಂದನ್ನು ಹರಿದು ತಿನ್ನುತ್ತಾ ಪಕ್ಕದಲ್ಲಿ ಕೂತಳು. ಡೆಸ್ಕ್‌ಟಾಪು ಉಸಿರಾಡಿತು. ಐವತ್ತನೇ ನಿಮಿಷಕ್ಕೆ ವಿಮಾನ ಪೆಂಗ್‌ಹುವಿನ ಮೇಲಿತ್ತು. ಊರ ದಡ ಬಂತು, ದೇವಿಯ ಗುಡಿಯ ಕೆಂಪು ಹೆಂಚಿನ ಮಾಡು ಬಂತು. ಜುಂಗ್‌ಫಾ ಉಸಿರು ಬಿಗಿಹಿಡಿದು ಸಮುದ್ರದ ಕಡೆ ತಿರುಗಿಸಿದ.

ಅಲ್ಲಿ ಬರೀ ನೀಲಿ ನೀರು. ಅಲೆಗಳು ಬಲು ಚೆನ್ನಾಗಿದ್ದವು, ಬಿಸಿಲು ಫಳಫಳ ಹೊಳೆಯುತ್ತಿತ್ತು. ಆಟ ಮಾಡಿದವರು ಅಜ್ಜನ ಗೋಡೆಯನ್ನು ಕಟ್ಟಿರಲಿಲ್ಲ. ಅವನು ನಾಲ್ಕು ಸುತ್ತು ಸುತ್ತಿದ. ಅವನಿಗೆ ಅಳು ಬಂತು.

ಬಿಯುನ್ ಬೆರಳು ಒರೆಸಿಕೊಂಡು ಲ್ಯಾಪ್‌ಟಾಪು ತೆರೆದಳು. "ನಾಳಿದ್ದು ಬೆಳಗ್ಗೆ ಎಂಟಕ್ಕೆ ವಿಮಾನ. ಇಬ್ಬರಿಗೂ ಟಿಕೆಟ್ ಆಗಿದೆ. ಹೋದ ವಾರಾನೇ ತೆಗೆದೆ. ಏದುಸಿರು ಬಿಡೋ ನನ್ನ ಲ್ಯಾಪ್‌ಟಾಪಲ್ಲಿ ಎರಡೇ ನಿಮಿಷ ಹಿಡೀತು."

ಜುಂಗ್‌ಫಾ ಪರದೆಯ ಮೇಲಿನ ನೀಲಿ ನೀರನ್ನು ಇನ್ನೊಮ್ಮೆ ನೋಡಿದ. "ಗೋಡೆ ಇನ್ನೂ ಇರುತ್ತಾ?"

"ಇಲ್ಲದಿದ್ರೆ ಅಲ್ಲೇ ನಿಂತು ಅಳೋಣ. ಇಲ್ಲಿ ಕೂತು ಐನೂರು ವ್ಯಾಟಲ್ಲಿ ಅಳೋದ್ಯಾಕೆ."

"ನನಗೆ ವಾಂತಿ ಆಗುತ್ತಲ್ಲೇ."

ಬಿಯುನ್ ಕೊನೆಯ ಕುರುಕಲನ್ನು ಬಾಯಿಗೆ ಹಾಕಿಕೊಂಡು, ಖಾಲಿ ಹಸಿರು ಪೊಟ್ಟಣವನ್ನು ಒದರಿ, ನೀಟಾಗಿ ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದಳು.

"ಇದನ್ನ ಜೊತೇಲಿ ಇಟ್ಕೊಳ್ಳಿ" ಎಂದಳು. "ಈ ಸಲ ಬಾಯಿ ತೆರೆದಿದೆ."