ಆರು ಕುಪ್ಪಿ, ಒಂದು ಮುಷ್ಟಿ ಕಲ್ಲುಪ್ಪು

ಐಸಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯ ಇರಲಿಲ್ಲ. ನನ್ನ ಗಂಡ ಇಪ್ಪತ್ತಾರು ವರ್ಷ ಬಂದರಿನ ಐಸ್ ಪ್ಲಾಂಟಿನಲ್ಲಿ ದುಡಿದವರು. ಅವರು ಊರಿಗೆಲ್ಲ ಐಸ್ ಮಾಡಿದರು, ನಾನು ಅವರಿಗೆ ಗಂಜಿ ಮಾಡಿದೆ. ಹಾಗಾಗಿ ಅರ್ಧ ಎಂಜಿನಿಯರಿಕೆ ನನಗೂ ಬಂದಿತ್ತು. ಓದಿದ್ದು ಮೂರನೇ ಕ್ಲಾಸು. ಆದರೆ ಮೀನಿಗೆ ಎಷ್ಟು ಐಸ್, ಐಸಿಗೆ ಎಷ್ಟು ಉಪ್ಪು ಎಂದು ನನ್ನಿಂದ ಕೇಳಿ ತಿಳಿದುಕೊಂಡವರು ನಮ್ಮ ಪಡೀಲಿನಲ್ಲಿ ಬಹಳ ಜನ. ಕೇಳದವರಿಗೂ ಹೇಳಿದ್ದೇನೆ.

ನನ್ನ ಮಗಳು ವಸಂತಿಗೆ ಹನ್ನೊಂದನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವುದು. ದಿನಾ ಇನ್ಸುಲಿನ್ ಚುಚ್ಚದಿದ್ದರೆ ಜೀವ ಉಳಿಯುವುದಿಲ್ಲ. ಡಾಕ್ಟರು ಔಷಧಿ ಬರೆಯುವ ಮೊದಲೇ ನೆರೆಕರೆಯವರು ತೀರ್ಪು ಬರೆದರು: "ಜಾಸ್ತಿ ಬೆಲ್ಲ ತಿನ್ನಿಸಿದ್ದು." ನಮ್ಮ ಮನೆಯಲ್ಲಿ ಬೆಲ್ಲ ಕಾಣುತ್ತಿದ್ದದ್ದು ಅಷ್ಟಮಿಗೆ ಒಮ್ಮೆ, ಚೌತಿಗೆ ಒಮ್ಮೆ. ಹದಿಮೂರು ವರ್ಷ ಗಾಜಿನ ಸಿರಿಂಜು ಕುದಿಸಿದೆ. ನಮ್ಮಲ್ಲಿ ಫ್ರಿಜ್ಜು ಇಲ್ಲದ ಕಾರಣ ಔಷಧಿಯ ಕುಪ್ಪಿಗಳನ್ನು ಪಕ್ಕದ ಮನೆಯ ಕಮಲಕ್ಕನ ಫ್ರಿಜ್ಜಿನಲ್ಲಿ ಇಡುತ್ತಿದ್ದೆ.

ಇಂಥ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಎಲ್ಲರೂ ಸೇರಿ ನಿರ್ಧರಿಸಿದ ಮೇಲೆ ದೇರೆಬೈಲಿನ ಭಾಸ್ಕರ ಸಿಕ್ಕಿದ. ಅವನಿಗೆ ಬಹರೈನಿನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಉಳಿದವರು ರಜೆಗೆ ಬರುವಾಗ ಟೇಪ್ ರೆಕಾರ್ಡರ್ ತಂದರೆ ಇವನು ಹೆಂಡತಿಗೆ ಇನ್ಸುಲಿನ್ ಪಂಪು ತಂದ. ಸೊಂಟದ ಬೆಲ್ಟಿಗೆ ಸಿಕ್ಕಿಸುವ ಡಬ್ಬಿ, ಅದರಿಂದ ಹೊರಟ ಸಣ್ಣ ನಳಿಗೆ, ನಳಿಗೆಯ ತುದಿಯ ಸೂಜಿ ಹೊಟ್ಟೆಯ ಚರ್ಮದೊಳಗೆ. ಔಷಧಿ ಹನಿಹನಿಯಾಗಿ ತಾನೇ ಹೋಗುತ್ತದೆ. ಡಬ್ಬಿಯ ತೂಕ ಅರ್ಧ ಇಟ್ಟಿಗೆಯಷ್ಟು.

ಕಮಲಕ್ಕ ಅದನ್ನು ನೋಡಿ ಕೇಳಿದಳು, "ಟ್ರಾನ್ಸಿಸ್ಟರಾ? ಯಾವ ಸ್ಟೇಷನ್ ಸಿಗ್ತದೆ?"

"ಇದು ಔಷಧಿ ಕೊಡುವ ಮೆಷಿನ್, ಕಮಲಕ್ಕ," ಎಂದಳು ವಸಂತಿ.

"ಹೌದಾ? ಹಾಗಾದರೆ ನಿನ್ನ ಅಮ್ಮನಿಗೆ ಇನ್ನು ಎಂತ ಕೆಲಸ?"

ಆ ಮಾತು ನನಗೆ ನಾಟಿತು. ಹದಿಮೂರು ವರ್ಷದ ನನ್ನ ಹುದ್ದೆಯನ್ನು ಒಂದು ಡಬ್ಬಿ ಕಸಿದುಕೊಂಡಿತ್ತು.

ಮಗಳು ಗಂಡನ ಜೊತೆ ಬಹರೈನಿಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿ ಔಷಧಿಗೆ ಕಾಗದ ಪತ್ರ ಆಗುವವರೆಗೆ ಬೇಕೆಂದು ಆರು ಕುಪ್ಪಿ ಇನ್ಸುಲಿನ್ ತಂದಿಟ್ಟಿದ್ದರು. ಆಗ ಇಲ್ಲಿಂದ ಗಲ್ಫಿಗೆ ವಿಮಾನ ಇರಲಿಲ್ಲ. ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಬೊಂಬಾಯಿಗೆ ಹೋಗಿ, ಎರಡು ದಿನ ಅಲ್ಲಿ ನಿಂತು ವಿಮಾನ ಹತ್ತಬೇಕು.

"ಬಸ್ಸಿನ ಸೆಕೆಗೆ ಔಷಧಿ ಹಾಳಾಗ್ತದಲ್ಲ?" ಎಂದೆ.

"ಇಲ್ಲ ಅತ್ತೆ," ಎಂದ ಭಾಸ್ಕರ. "ಮಣ್ಣಿನ ಕುಡಿಕೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಸಾಕು. ಬಟ್ಟೆ ಒಣಗದ ಹಾಗೆ ನೋಡಿಕೊಂಡರಾಯ್ತು."

ಒದ್ದೆ ಬಟ್ಟೆಯಂತೆ! ಐಸ್ ಪ್ಲಾಂಟಿನವರ ಹೆಂಡತಿಯ ಮಗಳು ಒದ್ದೆ ಬಟ್ಟೆ ಸುತ್ತಿಕೊಂಡು ಪರದೇಶಕ್ಕೆ ಹೋಗುವುದೇ? ಸತ್ತು ಸ್ವರ್ಗದಲ್ಲಿರುವ ಗಂಡನಿಗೆ ನಾನು ಹೇಗೆ ಮುಖ ತೋರಿಸಲಿ?

ಹೊರಡುವ ದಿನ ಭಾನುವಾರ. ಬಸ್ಸು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಮಗಳು, ಅಳಿಯ ದೇವಸ್ಥಾನಕ್ಕೆ ಹೋದದ್ದೇ ತಡ, ನಾನು ಕಾರ್ಯಕ್ಕಿಳಿದೆ. ಗಂಡನ ಹಳೆಯ ಜೊತೆಗಾರನಿಗೆ ಮೊದಲೇ ಹೇಳಿ ಗೋಣಿಯಲ್ಲಿ ಐಸ್ ತರಿಸಿದ್ದೆ. ಕಮಲಕ್ಕನ ಮನೆಯಿಂದ ಕುಪ್ಪಿಗಳನ್ನು ತಂದು, ಅಳಿಯನೇ ತಂದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ನಿಲ್ಲಿಸಿ, ಸುತ್ತ ಐಸ್ ಪುಡಿ ತುಂಬಿದೆ. ನಂತರ ಅನುಭವಸ್ಥರು ಮಾತ್ರ ಮಾಡುವ ಕೆಲಸ ಮಾಡಿದೆ. ಮೇಲಿನಿಂದ ಒಂದು ಮುಷ್ಟಿ ಕಲ್ಲುಪ್ಪು ಹಾಕಿದೆ. ಉಪ್ಪು ಬಿದ್ದರೆ ಐಸಿನ ಚಳಿ ಎರಡು ಪಟ್ಟು. ಮೀನು ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ.

ಔಷಧಿಯೂ ಹಾಗೆಯೇ ನಿಂತಿತು.

ಹತ್ತು ಗಂಟೆಗೆ ನನ್ನ ಕೈಚಳಕ ನೋಡಿ ಸಂತೋಷಪಡೋಣ ಎಂದು ಮುಚ್ಚಳ ತೆಗೆದೆ. ಒಂದು ಕುಪ್ಪಿ ಎತ್ತಿ ಅಲ್ಲಾಡಿಸಿದರೆ ಒಳಗೆ ಏನೂ ಅಲುಗಲಿಲ್ಲ. ಆರೂ ಹಾಗೇ.

ಆದರೆ ಗಟ್ಟಿಯಾದದ್ದನ್ನು ಕರಗಿಸಬಹುದು. ಇದಕ್ಕೆ ಮೂರನೇ ಕ್ಲಾಸು ಸಾಕು. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ಅದರ ತಿಳಿಯನ್ನು ಪಾತ್ರೆಗೆ ಬಸಿದು ಆರು ಕುಪ್ಪಿಗಳನ್ನೂ ಮುಳುಗಿಸಿದೆ. ಅದೇ ಹೊತ್ತಿಗೆ ಕಮಲಕ್ಕ ಬರಬೇಕೇ.

"ಎಂತ ಅಕ್ಕ, ಮೊಟ್ಟೆ ಬೇಯಿಸುವುದಾ?"

"ಔಷಧಿ."

"ಔಷಧಿ ಬೇಯಿಸ್ಲಿಕ್ಕೆ ಉಂಟಾ?"

"ವಿದೇಶಕ್ಕೆ ಕಳಿಸುವಾಗ ಉಂಟು," ಎಂದು ಅವಳನ್ನು ಸಾಗಹಾಕಿದೆ.

ಔಷಧಿ ಕರಗಿತು. ನೋಡಲಿಕ್ಕೆ ನೀರಿನ ಹಾಗೆ, ಒಳಗೆ ಒಂದೆರಡು ಸಣ್ಣ ನೂಲೆಳೆ ತೇಲುತ್ತಿತ್ತು, ಅಷ್ಟೇ. ಆದರೆ ಬಿಸಿಗೆ ಕುಪ್ಪಿಗಳ ಮೇಲಿನ ಚೀಟಿಗಳೆಲ್ಲ ಬಿಟ್ಟುಕೊಂಡು ಗಂಜಿಯಲ್ಲಿ ಈಜುತ್ತಿದ್ದವು. ಅದಕ್ಕೂ ಉಪಾಯ ಪಾತ್ರೆಯಲ್ಲೇ ಇತ್ತು. ಅನ್ನದ ಅಗುಳು ಹಚ್ಚಿ ಒಂದೊಂದೇ ಚೀಟಿ ಅಂಟಿಸಿ, ಸೆರಗಿನಿಂದ ಒರೆಸಿ, ಅಳಿಯ ಹೇಳಿದ ಹಾಗೆಯೇ ಕುಡಿಕೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದೆ. ಅಳಿಯನ ಮಾತಿಗೆ ನಾನು ಅಷ್ಟು ಬೆಲೆ ಕೊಟ್ಟದ್ದು ಅದೇ ಮೊದಲು.

ಊಟವಾದ ಮೇಲೆ ಭಾಸ್ಕರ ಪಂಪಿಗೆ ಹೊಸ ಔಷಧಿ ತುಂಬಲು ಕುಳಿತ. ಒಂದು ಕುಪ್ಪಿ ತೆಗೆದ. ಕುಪ್ಪಿಯನ್ನು ತಿರುಗಿಸಿದ. ತಲೆಯನ್ನೂ ತಿರುಗಿಸಿದ.

"ಅತ್ತೆ, ಇದರ ಇಂಗ್ಲಿಷ್ ತಲೆಕೆಳಗೆ ಉಂಟಲ್ಲ?"

ಆರೂ ಚೀಟಿಗಳನ್ನು ನಾನು ಬುಡಮೇಲಾಗಿ ಅಂಟಿಸಿದ್ದೆ.

"ಕಂಪೆನಿಯವರು ಹಾಗೆ ಮಾಡಿರಬೇಕು," ಎಂದೆ.

"ಕಂಪೆನಿಯವರು ಅನ್ನದ ಅಗುಳಿನಲ್ಲಿ ಅಂಟಿಸ್ತಾರಾ?"

ಒದ್ದೆ ಬಟ್ಟೆಗೆ ಚೀಟಿ ಬಿಟ್ಟದ್ದೆಂದು ಎಣಿಸಿದನೋ ಏನೋ. ಅವನು ನಗುತ್ತಾ ಸಿರಿಂಜನ್ನು ಕುಪ್ಪಿಗೆ ಚುಚ್ಚಿದ. ಮಗಳು ಪಂಪು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಆ ಔಷಧಿಗೆ ಶಕ್ತಿ ಉಂಟೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಲ್ಲದಿದ್ದರೆ ಅವಳು ಬಸ್ಸಿನಲ್ಲೇ ಬೀಳುತ್ತಾಳೆ ಎಂಬುದು ಮಾತ್ರ ಗೊತ್ತಿತ್ತು.

"ಹಾಕಬೇಡ ಮಾರಾಯ. ಅದು ಐಸ್ ಆಗಿತ್ತು," ಎಂದೆ.

ಎಲ್ಲ ಹೇಳಿದೆ. ಉಪ್ಪಿನವರೆಗೂ ಹೇಳಿದೆ. ಅಳಿಯ ಸಿರಿಂಜು ಕೆಳಗಿಟ್ಟ. ಮಗಳು ನನ್ನನ್ನೇ ನೋಡಿದಳು.

"ಅಮ್ಮ, 'ಕುಪ್ಪಿಯನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಡಬೇಡ, ಐಸ್ ಕಟ್ಟಿದರೆ ಬಿಸಾಡಬೇಕು' ಎಂದು ಕಮಲಕ್ಕನಿಗೆ ಹದಿಮೂರು ವರ್ಷ ಬೈದದ್ದು ಯಾರು?"

"ನಾನು."

"ಮತ್ತೆ?"

"ಅದು ಫ್ರಿಜ್ಜಿನ ವಿಷಯ. ಇದು ಐಸಿನದ್ದು."

ಭಾಸ್ಕರ ಲೆಕ್ಕ ಹಾಕಿದ. ಪಂಪಿನಲ್ಲಿ ಉಳಿದದ್ದು ಮರುದಿನ ಬೆಳಿಗ್ಗೆಯವರೆಗೆ ಸಾಕು. ಅಷ್ಟರೊಳಗೆ ಹೊಸ ಔಷಧಿ ಸಿಗಬೇಕು. ಆ ದಿನದ ಬಸ್ಸಿನ ಆಸೆ ಬಿಟ್ಟೆವು. ರಿಕ್ಷಾ ಹಿಡಿದು ಪೇಟೆಯ ನಡುವಿನ ಹಂಪನಕಟ್ಟೆಗೆ ಹೋದೆವು. ಭಾನುವಾರ ಮಧ್ಯಾಹ್ನ, ಔಷಧಿ ಅಂಗಡಿಗಳೆಲ್ಲ ಮುಚ್ಚಿ ಮಲಗಿದ್ದವು. ತೆರೆದಿದ್ದ ಒಂದರಲ್ಲಿ ಕೆಮ್ಮಿನ ಸಿರಪ್ಪು ಬೇಕಾದಷ್ಟಿತ್ತು.

"ಸುರತ್ಕಲ್ಲಿನಲ್ಲಿ ನನ್ನ ಸೋದರಮಾವನ ಮೆಡಿಕಲ್ ಶಾಪ್ ಉಂಟು," ಎಂದ ಭಾಸ್ಕರ. "ಆದರೆ ಅಮ್ಮ ಹೇಳಿದರೆ ಮಾತ್ರ ಅವರು ಭಾನುವಾರ ಬಾಗಿಲು ತೆಗೆಯುವುದು."

ಅವನ ಅಮ್ಮ ಎಂದರೆ ನನ್ನ ಬೀಗಿತ್ತಿ ಗಿರಿಜಕ್ಕ. ಹಿಂದಿನ ದಿನವಷ್ಟೇ ಅವಳ ಎದುರು ಕಾಲ ಮೇಲೆ ಕಾಲು ಹಾಕಿ ಕುಳಿತು, "ಔಷಧಿಯ ಚಿಂತೆ ನಿಮಗೆ ಬೇಡ, ನಾನಿದ್ದೇನೆ," ಎಂದು ಹೇಳಿ ಬಂದಿದ್ದೆ. ಈಗ ದೇರೆಬೈಲಿನಲ್ಲಿ ಅವಳ ಜಗಲಿಯ ಕೆಳಗೆ ನಿಂತು ಇನ್ನೊಮ್ಮೆ ಎಲ್ಲವನ್ನೂ ಹೇಳಬೇಕಾಯಿತು.

ಅವಳು ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಉಪ್ಪು ಹಾಕಿದ್ದು ಸರಿ," ಎಂದಳು. "ಹುಳಿ, ಮೆಣಸು ಯಾಕೆ ಬಿಟ್ಟದ್ದು?"

ಸೆರಗು ಸಿಕ್ಕಿಸಿಕೊಂಡು ರಿಕ್ಷಾದಲ್ಲಿ ನನ್ನ ಪಕ್ಕವೇ ಕುಳಿತು ಬಂದಳು. ಸುರತ್ಕಲ್ಲಿನಲ್ಲಿ ಮಲಗಿದ್ದ ತಮ್ಮನನ್ನು ಎಬ್ಬಿಸಿದಳು, ಶಟರು ಎತ್ತಿಸಿದಳು. ನಾಲ್ಕು ಕುಪ್ಪಿ ಸಿಕ್ಕಿತು. ಎರಡು ತಿಂಗಳಿಗೆ ಸಾಕು, ಅಷ್ಟರಲ್ಲಿ ಅಲ್ಲಿಯದು ಸರಿಯಾಗುತ್ತದೆ ಎಂದ ಭಾಸ್ಕರ. ನಾನು ಕೈ ಚಾಚಿದೆ. ಗಿರಿಜಕ್ಕ ಕುಪ್ಪಿಗಳನ್ನು ನನ್ನ ಕೈಯ ಮೇಲಿನಿಂದಲೇ ದಾಟಿಸಿ ಮಗನಿಗೆ ಕೊಟ್ಟಳು.

ಮರುದಿನದ ಬಸ್ಸಿಗೆ ಇಬ್ಬರೂ ಹೊರಟರು. ಮಗಳ ಸೊಂಟದಲ್ಲಿ ಪಂಪು, ಮಡಿಲಲ್ಲಿ ಒದ್ದೆ ಬಟ್ಟೆಯ ಕುಡಿಕೆ. ಅಳಬಾರದೆಂದು ನಾನು ಬಸ್ಸಿನ ಚಕ್ರ ನೋಡುತ್ತಾ ನಿಂತಿದ್ದೆ. ಕಿಟಕಿಯಿಂದ ಅವಳೇ ಕರೆದಳು.

"ಅಮ್ಮ, ಬಟ್ಟೆ ಒಣಗ್ತಾ ಉಂಟು. ಸ್ವಲ್ಪ ನೀರು ಹಾಕಿ ಕೊಡಿ."

ಹದಿಮೂರು ವರ್ಷ ಸಿರಿಂಜು ಕುದಿಸಿದವಳಿಗೆ, ಇಪ್ಪತ್ತಾರು ವರ್ಷದ ಐಸಿನ ಅನುಭವ ಇರುವವಳಿಗೆ ಕೊನೆಗೆ ಒಪ್ಪಿಸಿದ ಜವಾಬ್ದಾರಿ ಒಂದು ಲೋಟ ನೀರು. ಓಡಿಹೋಗಿ ಹೋಟೆಲಿನಿಂದ ತಂದೆ.

ಅದಕ್ಕೂ ಅಳಿಯ ಮೊದಲು ಬೆರಳು ಅದ್ದಿ ನೋಡಿದ, ಐಸ್ ನೀರು ಅಲ್ಲವಷ್ಟೇ ಎಂದು.