ಅಂಧೇರಿಯ ರೊಟ್ಟಿ, ವಿಮಾನ ನಿಲ್ದಾಣದ ಬರ್ಗರ್

ಪರವೂರಿನಲ್ಲಿ ಮನೆಯ ಊಟ ನೆನಪಾದರೆ ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ದೂರದಲ್ಲಿದ್ದೇವಲ್ಲ, ಏನು ಮಾಡಲಿಕ್ಕಾಗುತ್ತದೆ ಎಂದು ಹೊಟ್ಟೆಗೆ ಸಮಾಧಾನ ಹೇಳಬಹುದು. ಆದರೆ ಸ್ವಂತ ಊರಿಗೆ ಬಂದಿಳಿದೂ ಮನೆಗೆ ಹೋಗಲಾಗದಿದ್ದರೆ ಹೊಟ್ಟೆ ಯಾವ ಮಾತನ್ನೂ ಕೇಳುವುದಿಲ್ಲ. ನಮ್ಮ ಕಂಪನಿ ನನ್ನನ್ನು ಮೂರು ವಾರ ಜೈಪುರದಲ್ಲಿ ಪಂಪು ರಿಪೇರಿಗೆ ಕೂರಿಸಿ, ಅಲ್ಲಿಂದ ಹಾಗೇ ಹುಬ್ಬಳ್ಳಿಗೆ ಅಟ್ಟಿತು. ನಡುವೆ ಮುಂಬೈಯಲ್ಲಿ ವಿಮಾನ ಬದಲಿಸಬೇಕು. ಸಿಕ್ಕಿದ್ದು ಒಂದು ತಾಸು ಚಿಲ್ಲರೆ. ಮನೆ ಇರುವುದು ಅಲ್ಲೇ ಅಂಧೇರಿಯಲ್ಲಿ. ಹತ್ತಿರವೇ, ನಿಜ. ಆದರೆ ಒಮ್ಮೆ ಹೊರಗೆ ಹೋದವನನ್ನು ಅಂಧೇರಿಯ ಟ್ರಾಫಿಕ್ಕು ಹೊತ್ತಿಗೆ ಸರಿಯಾಗಿ ಮರಳಿ ಬರಗೊಡುವುದಿಲ್ಲ.

ಹೆಂಡತಿ ಶಕುಂತಲಾಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ಬಂದ್ರೇನ್ರೀ? ಈಗ ನಿಮ್ಮ ವಿಮಾನ ನಮ್ಮ ಬಿಲ್ಡಿಂಗ್ ಮ್ಯಾಲೇ ಹೋತು ನೋಡ್ರಿ. ನಾ ಗ್ಯಾಲರ್ಯಾಗ ನಿಂತು ಕೈ ಮಾಡಿದೆ" ಅಂದಳು. ಗಳಿಗೆಗೊಂದು ವಿಮಾನ ಹಾಯುವ ಜಾಗ ಅದು. ಯಾರ್ಯಾರಿಗೆ ಕೈ ಮಾಡಿದ್ದಳೋ!

"ಅಡಿಗಿ ಏನ್ ಮಾಡೀದಿ?" ಎಂದು ಕೇಳಿದೆ.

"ಏನಿಲ್ರೀ, ಬದ್ನಿಕಾಯಿ ಎಣ್ಣಿಗಾಯಿ, ಬಿಸಿ ರೊಟ್ಟಿ." ಆ 'ಏನಿಲ್ಲ' ಕೇಳಿ ನನಗೆ ಅಳುವೇ ಬಂತು.

ಬರ್ಗರ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತೆ. ಸಾಲು ಕದಲುತ್ತಲೇ ಇರಲಿಲ್ಲ. ಆಗ ನನಗೊಂದು ಸೊಗಸಾದ ವಿಚಾರ ಹೊಳೆಯಿತು. ಈ ಸಾಲಿನ ದೆಸೆಯಿಂದ ವಿಮಾನ ತಪ್ಪಿದರೆ? ಮುಂದಿನ ವಿಮಾನ ನಾಳೆ. ಅಲ್ಲಿಯವರೆಗೆ ಮನೆ, ಎಣ್ಣೆಗಾಯಿ, ಎದುರಿಗೆ ಕೂತು ಬಡಿಸುವ ಶಕುಂತಲಾ! ಸಾಹೇಬರು ಕೂಗಾಡಬಹುದು, ಕೂಗಾಡಲಿ. ಬೊರಿವಲಿ ಲೋಕಲ್ ರೈಲಿನಲ್ಲಿ ಒಂದು ಗೇಣು ಜಾಗ ಬಿಟ್ಟುಕೊಡದ ನಾನು ಹಿಂದಿದ್ದವರಿಗೆಲ್ಲ "ಆಪ್ ಜಾಯಿಯೇ" ಎಂದು ಮುಂದೆ ಬಿಡತೊಡಗಿದೆ. ಒಬ್ಬ ಮರಾಠಿ ಅಜ್ಜಿಯಂತೂ "ದೇವ ತುಝಂ ಭಲಂ ಕರೋ", ದೇವರು ನಿನಗೆ ಒಳ್ಳೆಯದು ಮಾಡಲಿ, ಎಂದು ಬಾಯ್ತುಂಬ ಹರಸಿದರು.

ದೇವರು ತಡಮಾಡಲಿಲ್ಲ. ಪಕ್ಕದಲ್ಲಿ ಇನ್ನೊಂದು ಕೌಂಟರ್ ತೆರೆಯಿತು, "ಅಂಕಲ್, ಇಧರ್ ಆಯಿಯೇ" ಎಂದು ಮೊದಲು ಕರೆದದ್ದೇ ನನ್ನನ್ನು. ಬೇಡವೆನ್ನುವಷ್ಟರಲ್ಲಿ ಬರ್ಗರ್ ಕೈಗೆ ಬಂತು. ಮೇಲಿನ ಸ್ಪೀಕರಿನಲ್ಲಿ ನನ್ನ ಹೆಸರು ಕೂಗಿದರು, ಕೊನೆಯ ಕರೆಯಂತೆ. ಹೆಸರು ಕಿವಿಗೆ ಬಿದ್ದದ್ದೇ ತಡ, ಬಿಟ್ಟು ಹೊರಟ ಲೋಕಲ್ ಹಿಡಿದೇ ಸವೆದ ನನ್ನ ಕಾಲುಗಳು ಒಂದು ಮಾತೂ ಕೇಳದೆ ಓಡಿಬಿಟ್ಟವು.

ಸೀಟಿನಲ್ಲಿ ಕೂತು, ಏದುಸಿರು ಬಿಡುತ್ತಲೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

"ಸಾವಕಾಶ ನಡಕೋತ ಹೋಗಿದ್ರ ಆಗ್ತಿರಲಿಲ್ಲೇನ್ರೀ?"

ಅಷ್ಟು ಹೊತ್ತೂ ಕಂಪನಿಯನ್ನು, ಟ್ರಾಫಿಕ್ಕನ್ನು ಬೈದುಕೊಂಡಿದ್ದೆ; ಓಡಿದ್ದು ಮಾತ್ರ ನನ್ನವೇ ಕಾಲುಗಳು. ಬರ್ಗರಿನ ಕಾಗದವನ್ನು ಇನ್ನೂ ಬಿಚ್ಚಿರಲಿಲ್ಲ. ಆದರೂ ಬಾಯಿ ತುಂಬ ತುತ್ತಿದ್ದವನ ಹಾಗೆ "ಹ್ಞೂಂ" ಅಂದೆ.