ಗದ್ದೆ ಯಾರದ್ದಮ್ಮ?

ಗದ್ದೆ ನಮಗೆ ಬಂದದ್ದು ನನ್ನ ಧೈರ್ಯದಿಂದಲ್ಲ, ನನ್ನ ಬಾಯಿಚಪಲದಿಂದ. ಅಜ್ಜಿ ಕಚೇರಿಯಲ್ಲಿ ಎದೆ ಸೆಟೆದು ಮಾತಾಡಿದಳು ಎಂದು ಮೊಮ್ಮಕ್ಕಳಿಗೆ ಯಾರೋ ಹೇಳಿದ್ದಾರೆ. ಶುದ್ಧ ಸುಳ್ಳು! ಆವತ್ತು ನಾನು ಗದ್ದೆಯನ್ನು ಬಾಯಾರೆ ವಾಪಸು ಕೊಟ್ಟಿದ್ದೆ.

ಉಳುವವರಿಗೇ ಗದ್ದೆ ಎಂಬ ಕಾನೂನು ಬಂದ ಎಪ್ಪತ್ತರ ದಶಕ ಅದು. ಆನಂದಪುರದ ಹತ್ತಿರ ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಗೆ ನನ್ನ ಗಂಡ ಕೆರಿಯಪ್ಪ, ಅದನ್ನು ನಮ್ಮ ಹೆಸರಿಗೆ ಮಾಡಿಕೊಡಿ ಎಂದು ಡಿಕ್ಲರೇಷನ್ ಅರ್ಜಿ ಹಾಕಿದ್ದ. ಸಾಗುವಳಿ ತಮ್ಮದೇ, ಇವರು ಬರೀ ಕೂಲಿಯವರು ಎಂದು ಗದ್ದೆಯ ಒಡೆಯರು ತಕರಾರು ತೆಗೆದರು. ಸಾಗರದಲ್ಲಿ ವಿಚಾರಣೆ. ಸೋತರೆ ಉಳುಮೆಯೂ ಹೋಯಿತು, ಗದ್ದೆಯಂಚಿನ ನಮ್ಮ ಮನೆಯೂ ಹೋಯಿತು.

ಇನ್ನೊಂದು ವಿಷಯ ಹೇಳಬೇಕು. ಗದ್ದೆಯಲ್ಲಿ ನೀರು ಕಟ್ಟಬೇಕಾ, ಹೊರಗೆ ಬಿಡಬೇಕಾ ಎಂದು ದಿನಾ ಬೆಳಿಗ್ಗೆ ಒಡೆಯರ ಅಂಗಳದಲ್ಲಿ ನಿಂತು ಕೇಳುವುದು ನನ್ನ ಕೆಲಸ. “ಹೂಂ” ಅನ್ನುವುದು ಅವರ ಕೆಲಸ. ಗದ್ದೆಯ ಕಡೆ ಅವರು ಕಾಲಿಟ್ಟದ್ದನ್ನು ನಾನು ಕಂಡವಳಲ್ಲ; ಅಲ್ಲಿಯ ಸುದ್ದಿಯನ್ನೆಲ್ಲ ನನ್ನನ್ನೇ ಕೇಳುತ್ತಿದ್ದರು.

ವಿಚಾರಣೆಗೆ ವಾರ ಇರುವಾಗಲೇ ಗಂಡನಿಗೆ ಊಟ ಸೇರದಾಯಿತು.

“ಒಡೇರ ಮುಖ ನೋಡ್ತಾ ಗದ್ದೆ ನಮ್ದು ಅಂತ ಹೆಂಗೆ ಹೇಳದೇ?”

“ಬಾಯಲ್ಲಿ ಹೇಳದು! ನಿಮ್ಗೆ ಆಗ್ದಿದ್ರೆ ನಾನು ಹೇಳ್ತೀನಿ. ನಂಗೆಂಥ ಹೆದ್ರಿಕೆ?”

ಅಭ್ಯಾಸವನ್ನೂ ಮಾಡಿದೆ. ಹಾಲು ಕರೆಯುತ್ತಾ “ಗದ್ದೆ ಯಾರದ್ದು? ನಮ್ದು!” ಎಂದು ಎಮ್ಮೆಗೇ ಹೇಳಿದೆ. ಎಮ್ಮೆ ತಕರಾರು ಮಾಡಲಿಲ್ಲ.

ವಿಚಾರಣೆಯ ದಿನ ಬಸ್ಸು ಹತ್ತಿದೆವು. ಮುಂದಿನ ಸ್ಟಾಪಿನಲ್ಲಿ ಒಡೆಯರೂ ಹತ್ತಿದರು. ಸೀಟು ಇಲ್ಲ. ನಾನು ದಡಕ್ಕನೆ ಎದ್ದೆ.

“ಕೂತ್ಕಳಿ ಒಡೇರೇ.”

ಅವರು ಕೂತರು. “ಎಂತ, ಸಾಗರಕ್ಕಾ?”

“ಹೌದು ಒಡೇರೇ, ನಿಮ್ಮ ಮೇಲಿನ ಕೇಸಿಗೆ.”

ಗಂಡ ನನ್ನ ತೋಳು ಚಿವುಟಿದ. “ಗದ್ದೆ ಕಿತ್ಕಳಕ್ಕೆ ಹೋಗ್ತಿದೀಯ, ಸೀಟು ಕೊಡ್ತೀಯಲ್ಲೇ!”

“ಅವ್ರಿಗೆ ಮಂಡಿನೋವು!” ಎಂದೆ. ಸಾಗರದವರೆಗೂ ನಿಂತೇ ಹೋದೆ.

ಕಚೇರಿಯಲ್ಲಿ ಕನ್ನಡಕದ ಸಾಹೇಬರು “ಕೆರಿಯಪ್ಪ!” ಎಂದು ಕರೆದರು. ಗಂಡ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಅವನನ್ನು ಪಕ್ಕಕ್ಕೆ ತಳ್ಳಿ ನಾನು ಮುಂದೆ ನಿಂತೆ.

“ನಾನು ಹೇಳ್ತೀನಿ ಸ್ವಾಮಿ!”

“ಹೇಳು. ಗದ್ದೆ ಯಾರದ್ದಮ್ಮ?”

ಅಷ್ಟರಲ್ಲಿ ಪಕ್ಕದ ಬೆಂಚಿನಲ್ಲಿ ಒಡೆಯರು ಕೆಮ್ಮಿದರು. ಬರೀ ಕೆಮ್ಮು!

“ಒಡೇರ್ದು!” ಎಂದೆ.

ಗುಮಾಸ್ತರ ಪೆನ್ನು ನಿಂತಿತು. ಗಂಡ ನೆಲಕ್ಕೆ ಕುಸಿದು ಕೂತ. ಇದನ್ನು ಹೇಳಿದ್ದು ಯಾರು ಎಂದು ನಾನೂ ಸುತ್ತ ನೋಡಿದೆ. ಸಿಡಿಲು ಬಡಿದರೂ ಅಷ್ಟು ಬೆಚ್ಚುತ್ತಿರಲಿಲ್ಲ.

“ಅಲ್ಲ ಸ್ವಾಮಿ... ನಮ್ದು... ಅಂದ್ರೆ, ಒಡೇರ್ದು ನಮ್ದು...”

ಒಡೆಯರು ಶಾಲು ಸರಿಮಾಡಿಕೊಂಡರು. “ಅವಳೇ ಹೇಳಿ ಆತಲ್ಲ. ಇನ್ನೆಂತ ವಿಚಾರಣೆ?”

ಸಾಹೇಬರು ಅವರ ಕಡೆ ತಿರುಗಿದರು. “ಸರಿ, ಸಾಗುವಳಿ ನಿಮ್ಮದೇ ಅಂದಿರಲ್ಲ. ಈ ವರ್ಷ ಮೇಲಿನ ಗದ್ದೆಗೆ ಯಾವ ಭತ್ತ ಹಾಕಿದ್ದೀರಿ?”

“ಅದು... ಅದು...” ಎಂದು ಒಡೆಯರು ಎಂದಿನಂತೆ ನನ್ನ ಮುಖ ನೋಡಿದರು.

“ಹೆಗ್ಗೆ ಭತ್ತ ಒಡೇರೇ!” ಎಂದೆ, ಎಂದಿನಂತೆ.

“ನೀರು ಎಲ್ಲಿಂದ ಬರುತ್ತೆ?”

“ಹಳ್ಳದಿಂದ ಒಡೇರೇ! ಹೊನ್ನೆ ಮರದ ಬುಡದಾಗೆ ಕಟ್ಟು ಹಾಕೀವಿ. ನೀವು ನೋಡಿಲ್ಲ.”

“ಅಂಚು ಕಟ್ಟಿದ್ದು ಯಾರು?”

“ಇವ್ಳೇ ಅಂತ ಹೇಳಿ ಒಡೇರೇ! ನಮ್ಮನೆಯವ್ರ ಕಾಲು ಉಳುಕಿತ್ತಲ್ಲ?”

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಅಮ್ಮಾ, ನೀನು ಯಾರ ಕಡೆ ಸಾಕ್ಷಿ?”

“ಒಡೇರ ಕಡೆ ಸ್ವಾಮಿ! ಪಾಪ, ಅವ್ರಿಗೆ ಗೊತ್ತಾಗ್ತಿಲ್ಲ!”

ಕಚೇರಿಗೆ ಕಚೇರಿಯೇ ನಕ್ಕಿತು. ಒಡೆಯರು ಮಾತ್ರ ಛಾವಣಿ ನೋಡುತ್ತಿದ್ದರು. ಸಾಹೇಬರು ಗುಮಾಸ್ತರಿಗೆ ಬರೆಸಿದರು: ಸಾಗುವಳಿ ಮಾಡುತ್ತಿರುವವರು ಇವರೇ, ಗದ್ದೆ ಇವರಿಗೇ.

ವಾಪಸು ಬರುವಾಗ ಗಂಡನ ದನಿ ಮರಳಿತ್ತು. ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನ ಕಥೆ ಹೇಳಿ ನಗುತ್ತಿದ್ದ. ನನಗೆ ಮಾತ್ರ ಹೆದರಿಕೆ.

“ಗದ್ದೆ ಬಂತಲ್ಲೇ! ಇನ್ನೆಂಥ ಹೆದ್ರಿಕೆ?”

“ಇನ್ಮೇಲೆ ಬೆಳೆ ಹಾಳಾದ್ರೆ ಯಾರಿಗೆ ಬೈಯದು?”

ಅವನ ನಗು ಅಲ್ಲೇ ನಿಂತಿತು. ಅಷ್ಟು ವರ್ಷ, ಹಾಳಾದ ಪ್ರತಿ ಬೆಳೆಗೂ “ಒಡೇರು ಹೂಂ ಅಂದ್ರು, ಅದಕ್ಕೇ ಹಿಂಗಾತು” ಎಂದು ಮನೆಗೆ ಬಂದು ಅವರಿಗೆ ಚೆನ್ನಾಗಿ ಬೈದು ಉಂಡು ಮಲಗುತ್ತಿದ್ದೆವು. ನಾನು ಒಡೆಯರಿಗೆ ಹೆದರುತ್ತೇನೆ ಎಂದುಕೊಂಡಿದ್ದೆ. ಎಂಥದ್ದೂ ಇಲ್ಲ. ಕೇಳಲಿಕ್ಕೆ ಒಡೆಯರಿಲ್ಲದ ನಾಳೆಗೆ ಹೆದರಿದ್ದೆ. ಅದಕ್ಕೇ ನಾಲಗೆ ಗದ್ದೆಯನ್ನು ಅವರ ಮಡಿಲಿಗೇ ಹಾಕಿತ್ತು!

ಮಾರನೆಯ ಬೆಳಿಗ್ಗೆ ಎದ್ದೆ. ಕೊಯ್ಲು ಹತ್ತಿರ ಬಂದಿತ್ತು, ಗದ್ದೆಯ ನೀರು ತೆಗೆಯುವ ಹೊತ್ತು. ಸೀದಾ ಹೋಗಿ ಒಡೆಯರ ಅಂಗಳದಲ್ಲಿ ನಿಂತೆ. ಅವರು ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

“ಒಡೇರೇ, ಮೇಲಿನ ಗದ್ದೆ ನೀರು ಬಿಡ್ಲಾ?”

“ಹೂಂ, ಬಿಡು,” ಎಂದರು.

ಆಮೇಲೆ ಇಬ್ಬರೂ ಬೆಚ್ಚಿದೆವು. ಎಲೆ ಅವರ ಕೈಯಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಹೂಂ ಅಂದ ಮೇಲೆ ಇನ್ನೇನು? ಹೋಗಿ ನೀರು ಬಿಟ್ಟೆ.